ಚೌಕದೊಳಗಿನ ಓರೆಗೆರೆ

ಖಾರಘರ ಎಂಬ ಹೆಸರಿನಲ್ಲಿ ಓದುವವರಿಗೆ ಕಾಣುವುದು ನಾಲ್ಕು ಅಕ್ಷರ. ಕಂಪ್ಯೂಟರಿಗೆ ಅವು ಐದು: ಖ, ಅದಕ್ಕೆ ಅಂಟಿದ ದೀರ್ಘದ ಚಿಹ್ನೆ, ರ, ಘ, ರ. ಪೈಥಾನ್ ಭಾಷೆಯ ಜೊತೆಗೇ ಬರುವ ಹುಡುಕು ಸಲಕರಣೆಗೆ ಈ ಹೆಸರನ್ನು ಕೊಟ್ಟು ‘ಇದರಲ್ಲಿರುವ ಪದಗಳನ್ನು ಹೆಕ್ಕು’ ಎಂದರೆ, ‘ಖ’ ಒಂದು ಪದ, ‘ರಘರ’ ಇನ್ನೊಂದು ಪದ ಎಂದು ಒಪ್ಪಿಸುತ್ತದೆ. ನಡುವಿನ ದೀರ್ಘ ಕಾಣೆ. ‘ಕನ್ನಡ’ ಎಂದು ಕೊಟ್ಟರೆ ‘ಕನ’ ಮತ್ತು ‘ನಡ’ ಸಿಗುತ್ತವೆ. ದೇವನಾಗರಿಯಲ್ಲಿ ಬರೆದ ಖಾರಘರಕ್ಕೂ ಇದೇ ಗತಿ. ಮರಾಠಿಗೂ ಕನ್ನಡಕ್ಕೂ ತಕರಾರಿಲ್ಲದೆ ಸಮಪಾಲು ಸಿಕ್ಕ ಅಪರೂಪದ ಸಂಗತಿ ಇದು.

ಈ ಸಲಕರಣೆಯ ಹೆಸರು ರೆಗ್ಯುಲರ್ ಎಕ್ಸ್‌ಪ್ರೆಶನ್, ಬಳಸುವವರ ಬಾಯಲ್ಲಿ ರೆಜೆಕ್ಸ್. ಗಣಿತಜ್ಞ ಸ್ಟೀಫನ್ ಕ್ಲೀನಿ 1951ರಲ್ಲಿ ನರಜಾಲಗಳ ಬಗ್ಗೆ ಬರೆದ ಪ್ರಬಂಧದಲ್ಲಿ ಇದರ ಬೇರಿದೆ. 1968ರಲ್ಲಿ ಕೆನ್ ಥಾಂಪ್ಸನ್ ಅದನ್ನು ಪಠ್ಯ ಹುಡುಕುವ ಕೆಲಸಕ್ಕೆ ಹಚ್ಚಿದರು. ಅದರ ಒಂದು ಅಂಗವೇ ಚೌಕ ಆವರಣ. [ಕಖಗ] ಎಂದು ಬರೆದರೆ ‘ಈ ಮೂರರಲ್ಲಿ ಯಾವುದಾದರೂ ಒಂದು’ ಎಂದರ್ಥ. [ಕ-ಮ] ಎಂದರೆ ಕಕಾರದಿಂದ ಮಕಾರದವರೆಗಿನ ಯಾವುದಾದರೂ ಒಂದು.

ತೊಡಕು ಶುರುವಾಗುವುದು ಬ್ಯಾಕ್‌ಸ್ಲ್ಯಾಶ್‌ನಿಂದ. ಐಬಿಎಂನ ಬಾಬ್ ಬೆಮರ್ 1961ರಲ್ಲಿ ಈ ಓರೆಗೆರೆಯನ್ನು ಸಂಕೇತಪಟ್ಟಿಗೆ ತಂದದ್ದು ಬೇರೆಯೇ ಕಾರಣಕ್ಕೆ: ಎರಡು ಓರೆಗೆರೆಗಳನ್ನು ಜೋಡಿಸಿ ಆಲ್ಗಾಲ್ ಭಾಷೆಯ ತರ್ಕಚಿಹ್ನೆಗಳನ್ನು ಬರೆಯಲಿಕ್ಕೆ. ಯುನಿಕ್ಸ್ ಲೋಕದಲ್ಲಿ ಅದಕ್ಕೆ ಸಿಕ್ಕಿದ್ದು ಅರ್ಥ ತಿರುಗಿಸುವ ಕೆಲಸ. ಮುಂದೆ ಅದನ್ನಿಟ್ಟರೆ ವಿಶೇಷ ಚಿಹ್ನೆ ಸಾಮಾನ್ಯವಾಗುತ್ತದೆ, ಕೆಲವು ಸಾಮಾನ್ಯ ಅಕ್ಷರಗಳು ವಿಶೇಷವಾಗುತ್ತವೆ. ಇದಕ್ಕೆ ಎಸ್ಕೇಪ್ ಎಂದು ಹೆಸರು.

ಆದರೆ ಚೌಕದೊಳಗೆ? 1979ರ ಯುನಿಕ್ಸ್ ಏಳನೇ ಆವೃತ್ತಿಯ ಕೈಪಿಡಿ ಸ್ಪಷ್ಟವಾಗಿತ್ತು: ಎಡ್ ಎಂಬ ಸಂಪಾದಕದಲ್ಲಿ ಚೌಕದೊಳಗೆ ಬ್ಯಾಕ್‌ಸ್ಲ್ಯಾಶ್‌ಗೆ ಯಾವ ವಿಶೇಷಾರ್ಥವೂ ಇಲ್ಲ. ಮುಚ್ಚುವ ಆವರಣವನ್ನೇ ಹುಡುಕಬೇಕಿದ್ದರೆ ಅದನ್ನು ಮೊದಲ ಜಾಗದಲ್ಲಿಡಬೇಕು. ಅಂದರೆ ಬಿಡುಗಡೆ ಚಿಹ್ನೆಯಿಂದಲ್ಲ, ಕೂರುವ ಸ್ಥಾನದಿಂದ. 1992ರ ಪಾಸಿಕ್ಸ್ ಮಾನಕ ಇದನ್ನೇ ಉಳಿಸಿಕೊಂಡಿತು. ಅಡ್ಡಗೆರೆಯನ್ನು ಮೊದಲಿಗೋ ಕೊನೆಗೋ ಇಡಿ, ಸಾಕು. ಕಷ್ಟವೆನಿಸಿದರೂ ಚೊಕ್ಕ ಕ್ರಮ.

ಅಷ್ಟರಲ್ಲಿ ಲ್ಯಾರಿ ವಾಲ್ 1987ರಲ್ಲಿ ಹೊರತಂದ ಪರ್ಲ್ ಬೇರೆ ದಾರಿ ಹಿಡಿದಾಗಿತ್ತು. ಅಲ್ಲಿ ಚೌಕದೊಳಗೂ ಬ್ಯಾಕ್‌ಸ್ಲ್ಯಾಶ್ ಜೀವಂತ. ಜೊತೆಗೆ ಸಂಕ್ಷೇಪಗಳು: ಅದರ ಹಿಂದೆ ಡಬ್ಲ್ಯು ಬಂದರೆ ‘ಪದದ ಅಕ್ಷರ’, ಡಿ ಬಂದರೆ ‘ಅಂಕಿ’. ಬಿ ಬಂದರೆ ಚೌಕದ ಹೊರಗೆ ‘ಪದದ ಅಂಚು’. ಚೌಕ ಎಂದರೆ ಒಂದು ಅಕ್ಷರದ ಆಯ್ಕೆ, ಅಂಚು ಅಕ್ಷರವೇ ಅಲ್ಲ. ಹಾಗಾಗಿ ಒಳಗೆ ಅದೇ ಬಿ, ಸಿ ಭಾಷೆಯ ಹಳೆಯ ಅರ್ಥಕ್ಕೆ ಮರಳಿ, ‘ಬ್ಯಾಕ್‌ಸ್ಪೇಸ್’ ಆಗುತ್ತದೆ. ಪೈಥಾನ್, ಜಾವಾ, ಜಾವಾಸ್ಕ್ರಿಪ್ಟ್ ಹೆಚ್ಚುಕಡಿಮೆ ಈ ಮನೆತನಕ್ಕೆ ಸೇರಿದವು. ಗ್ರೆಪ್, ಸೆಡ್ ಹಳೆಯ ಮನೆತನದಲ್ಲೇ ಉಳಿದವು.

ಎರಡು ಮನೆತನದ ನಡುವೆ ಓಡಾಡುವ ಕನ್ನಡಿಗರಿಗೆ ಏನಾಗುತ್ತದೆ ನೋಡಿ. ಯುನಿಕೋಡ್ 1991ರಲ್ಲಿ ಬಂದಾಗಿನಿಂದ ಕನ್ನಡದ ಪಾಲಿಗಿರುವ ಜಾಗ 0ಸಿ80ರಿಂದ 0ಸಿಎಫ್‌ಎಫ್‌ವರೆಗೆ, ಒಟ್ಟು 128 ಮನೆ. ಈ ಎರಡು ಸಂಖ್ಯೆಗಳ ಹಿಂದೆ ಬ್ಯಾಕ್‌ಸ್ಲ್ಯಾಶ್ ಮತ್ತು ಯು ಹಾಕಿ, ನಡುವೆ ಅಡ್ಡಗೆರೆಯಿಟ್ಟು ಚೌಕದೊಳಗೆ ಬರೆದರೆ ಪೈಥಾನ್ ಕನ್ನಡವನ್ನು ಹುಡುಕುತ್ತದೆ. ಅದನ್ನೇ ಗ್ರೆಪ್‌ಗೆ ಕೊಟ್ಟರೆ ಅದು ಬಿಡಿಬಿಡಿಯಾಗಿ ಓದುತ್ತದೆ: ಬ್ಯಾಕ್‌ಸ್ಲ್ಯಾಶ್, ಯು, ಸೊನ್ನೆ, ಸಿ, ಎಂಟು. ಆಮೇಲೆ, ಸೊನ್ನೆಯಿಂದ ಮುಂದಿನ ಬ್ಯಾಕ್‌ಸ್ಲ್ಯಾಶ್‌ವರೆಗೆ ಒಂದು ಸಾಲು! ಸರಳ ಆಸ್ಕಿ ಕ್ರಮದಲ್ಲಿ ಆ ಸಾಲಿನೊಳಗೆ ಹತ್ತು ಅಂಕಿಗಳೂ ಇಂಗ್ಲಿಷಿನ ಇಪ್ಪತ್ತಾರು ದೊಡ್ಡಕ್ಷರಗಳೂ ಬರುತ್ತವೆ. ಕನ್ನಡ ಹುಡುಕಲು ಹೊರಟವರಿಗೆ ಇಂಗ್ಲಿಷ್ ಮಾತ್ರ ಸಿಗುತ್ತದೆ, ದೋಷಸೂಚನೆ ಕೂಡ ಇಲ್ಲದೆ.

ಪರದೆಯ ಮೇಲೆ ಕನ್ನಡ ಸರಿಯಾಗಿ ಕಾಣುವಂತೆ ಮಾಡಿದ್ದರಲ್ಲಿ ಮುಂಬಯಿಗೂ ಪಾಲಿದೆ. ವಿಂಡೋಸ್ ಜೊತೆ ಬಂದ ತುಂಗಾ ಅಕ್ಷರವಿನ್ಯಾಸದ ಹಿಂದೆ ಅಲ್ಲಿನ ಆರ್. ಕೆ. ಜೋಶಿ ಇದ್ದರು. ಅವರು ಕೆಲಸ ಮಾಡಿದ ರಾಷ್ಟ್ರೀಯ ಸಾಫ್ಟ್‌ವೇರ್ ತಂತ್ರಜ್ಞಾನ ಕೇಂದ್ರ ಮುಂದೆ ಸಿ-ಡ್ಯಾಕ್‌ನಲ್ಲಿ ವಿಲೀನವಾಯಿತು. ಸಿ-ಡ್ಯಾಕ್‌ನ ಮುಂಬಯಿ ಕೇಂದ್ರದ ಒಂದು ನೆಲೆ ಇರುವುದು ಖಾರಘರದಲ್ಲೇ. ಆದರೆ ಕಣ್ಣಿಗೆ ಕೂಡಿಕೊಂಡದ್ದು ಹುಡುಕಾಟದಲ್ಲಿ ಬಿಡಿಯಾಗಿಯೇ ಉಳಿಯುತ್ತದೆ. [ಕ್ಷ] ಎಂದು ಬರೆದರೆ ‘ಕ್ಷ’ ಸಿಗುವುದಿಲ್ಲ. ಕಕಾರ, ವಿರಾಮಚಿಹ್ನೆ, ಷಕಾರ, ಈ ಮೂರರಲ್ಲಿ ಒಂದು ಸಿಗುತ್ತದೆ.

ಇನ್ನು ಆ ಡಬ್ಲ್ಯು. ಮೊದಲಿಗೆ ಅದರ ಅರ್ಥ ಇಂಗ್ಲಿಷ್ ಅಕ್ಷರ, ಅಂಕಿ, ಅಡಿಗೆರೆ ಅಷ್ಟೇ. ಜಾವಾಸ್ಕ್ರಿಪ್ಟಿನಲ್ಲಿ ಈಗಲೂ ಮೂಲತಃ ಅಷ್ಟೇ. 2008ರ ಪೈಥಾನ್ 3 ಅದನ್ನು ಯುನಿಕೋಡಿಗೆ ಹಿಗ್ಗಿಸಿತು, ಆದರೆ ‘ಅಕ್ಷರ ಅಥವಾ ಸಂಖ್ಯೆ’ ಎಂಬ ವರ್ಗಗಳಿಗೆ ಮಾತ್ರ. ಕಾಗುಣಿತದ ಗುರುತುಗಳು ಯುನಿಕೋಡಿನಲ್ಲಿ ‘ಗುರುತು’ ಎಂಬ ಬೇರೆ ವರ್ಗದವು. ಆ ಕಾರಣಕ್ಕೇ ಖಾರಘರ ಒಡೆಯಿತು. ರೆಜೆಕ್ಸ್ ಕುರಿತ ಯುನಿಕೋಡಿನ ಸ್ವಂತ ಮಾರ್ಗಸೂಚಿಯಾದರೋ ಗುರುತುಗಳನ್ನೂ ಪದದೊಳಗೆ ಸೇರಿಸಬೇಕೆನ್ನುತ್ತದೆ. ಪರ್ಲ್ ಹಾಗೆಯೇ ಮಾಡುತ್ತದೆ. ಪೈಥಾನ್‌ನದು ಇಲ್ಲಿ ಸರಳೀಕರಣವಲ್ಲ, ತಪ್ಪು ಎನ್ನಬೇಕು. ಪ್ರಾಥಮಿಕ ಶಾಲೆಯ ಮಗು ಕೂಡ ‘ಖಾ’ ಎಂಬುದನ್ನು ಎರಡು ಪದಗಳ ನಡುವಿನ ಸಂದು ಎಂದು ಓದುವುದಿಲ್ಲ.

ಪೈಥಾನ್ ಬಳಸುವವರಿಗೆ ಪರಿಹಾರ ಚೌಕದೊಳಗೇ ಇದೆ: ಆ ಡಬ್ಲ್ಯುವಿನ ಪಕ್ಕದಲ್ಲೇ ಕನ್ನಡದ ಪೂರ್ತಿ ಸಾಲನ್ನು ಬರೆಯುವುದು. ಗುರುತುಗಳನ್ನು ಹಾಗೆಯೇ ಟೈಪು ಮಾಡಿದರೆ [ಾ-್] ಎಂದಾಗಿ, ಕಾಗುಣಿತ ಆವರಣಕ್ಕೆ ಅಂಟಿಕೊಂಡೋ ಚುಕ್ಕಿವೃತ್ತದ ಮೇಲೆ ಕೂತೋ ತಬ್ಬಿಬ್ಬಾಗಿಸುತ್ತದೆ. ಸಂಖ್ಯೆಯ ಎಸ್ಕೇಪ್ ಇಲ್ಲಿ ಬೇಕಾಗುವುದು ಯಾವ ಅರ್ಥವನ್ನೂ ತಪ್ಪಿಸಲಿಕ್ಕಲ್ಲ, ಬರೆದದ್ದು ಬರೆದವರಿಗೇ ಕಾಣಲಿಕ್ಕೆ. ‘ರಾಜ್‌ಕುಮಾರ್’ ಎಂಬಲ್ಲಿ ಜಕಾರಕ್ಕೆ ಒತ್ತಕ್ಷರ ಕೂಡದಂತೆ ತಡೆಯುವ ಅಗೋಚರ ಚಿಹ್ನೆಯೊಂದಿದೆ, ಸಂಖ್ಯೆ 200ಸಿ. ಅದು ಕನ್ನಡದ 128 ಮನೆಗಳ ಹೊರಗಿರುವುದರಿಂದ ಚೌಕದೊಳಗೆ ಅದನ್ನು ಬೇರೆಯಾಗಿಯೇ ಬರೆಯಬೇಕು. ಮರೆತರೆ ‘ರಾಜ್’ ಒಂದು ಕಡೆ, ‘ಕುಮಾರ್’ ಇನ್ನೊಂದು ಕಡೆ.