ನವೆಂಬರ್ ಐದರ ಪದಕ

ನವೆಂಬರ್ ಒಂದರಂದು ಕರ್ನಾಟಕದಲ್ಲಿ ರಾಜ್ಯೋತ್ಸವ ಪ್ರಶಸ್ತಿಯ ಪಟ್ಟಿಯದೇ ಮಾತು. ರಾಜ್ಯಕ್ಕೆ ಎಷ್ಟು ವರ್ಷ ತುಂಬಿತೋ ಅಷ್ಟು ಜನರಿಗೆ ಪ್ರಶಸ್ತಿ ಎಂಬ ಲೆಕ್ಕ ಈಗ ರೂಢಿಯಾಗಿದೆ. ಯಾರ ಹೆಸರು ಬಂತು, ಯಾರದು ಬಿಟ್ಟಿತು ಎಂಬ ಜಗಳ ಇನ್ನೂ ಆರಿರುವುದಿಲ್ಲ, ಅಷ್ಟರಲ್ಲಿ ಕೃಷ್ಣೆಯ ದಂಡೆಯ ಸಾಂಗಲಿಯಲ್ಲಿ ಇನ್ನೊಂದು ಗೌರವ ಸಮಾರಂಭ ನಡೆದುಹೋಗಿರುತ್ತದೆ. ಅಲ್ಲಿ ವರ್ಷಕ್ಕೆ ಒಂದೇ ಹೆಸರು, ಕೊಡುವುದು ಒಂದೇ ಪದಕ. ಕೊಡುವವರು ಸರ್ಕಾರದವರಲ್ಲ, ಊರಿನವರು. ಅಖಿಲ ಮಹಾರಾಷ್ಟ್ರ ನಾಟ್ಯವಿದ್ಯಾ ಮಂದಿರ ಸಮಿತಿ ನೀಡುವ ವಿಷ್ಣುದಾಸ ಭಾವೆ ಗೌರವ ಪದಕವನ್ನು ಮರಾಠಿ ನಟನಟಿಯರು ತಮ್ಮ ಬಾಳಿನ ದೊಡ್ಡ ಮನ್ನಣೆ ಎಂದೇ ತಿಳಿಯುತ್ತಾರೆ.

ಕನ್ನಡಿಗರಿಗೆ ಇದರಿಂದೇನು ಎಂದು ಕೇಳಬಹುದು. ಆ ಪದಕದ ಬೇರು ನಮ್ಮ ಕರಾವಳಿಯಲ್ಲಿದೆ. ಈ ಬರಹಕ್ಕೆ ಅದೇ ಕಾರಣ.

1842ರಲ್ಲಿ ಸಾಂಗಲಿಗೆ ಕರ್ನಾಟಕದಿಂದ ಒಂದು ಭಾಗವತ ಮೇಳ ಬಂತು. ಅರಮನೆಯಲ್ಲಿ ಆಟ ಆಡಿತು. ಸಂಸ್ಥಾನದ ದೊರೆ ಚಿಂತಾಮಣರಾವ್ ಅಪ್ಪಾಸಾಹೇಬ ಪಟವರ್ಧನರು ನೋಡಿ ಮೆಚ್ಚಿದರು, ಆದರೆ ಪೂರ್ತಿ ಸಮಾಧಾನವಾಗಲಿಲ್ಲ. ಇಂಥದ್ದನ್ನೇ ಇನ್ನಷ್ಟು ತಿದ್ದಿ ಮರಾಠಿಯಲ್ಲಿ ಮಾಡು ಎಂದು ತಮ್ಮ ಆಶ್ರಯದಲ್ಲಿದ್ದ ವಿಷ್ಣು ಅಮೃತ ಭಾವೆ ಎಂಬ ತರುಣನಿಗೆ ಹೇಳಿದರು. ಹುಡುಗ ಗೊಂಬೆ ಕೆತ್ತುವವ, ಕಥೆ ಕಟ್ಟುವವ, ಪದ ಹೊಸೆಯುವವ. ಮರುವರ್ಷ, 1843ರ ನವೆಂಬರ್ 5ರಂದು ಅವನ ‘ಸೀತಾ ಸ್ವಯಂವರ’ ಸಾಂಗಲಿಯಲ್ಲಿ ರಂಗವೇರಿತು. ಮರಾಠಿ ರಂಗಭೂಮಿ ತನ್ನ ಹುಟ್ಟುದಿನ ಎಂದು ಆಚರಿಸುವುದು ಈ ತಾರೀಖನ್ನೇ.

ಕರ್ನಾಟಕದ ಮೇಳ ಸಾಂಗಲಿಗೆ ಹೋದದ್ದು ಪರದೇಶ ಪ್ರವಾಸವೇನಲ್ಲ. ಸಾಂಗಲಿ ಸಂಸ್ಥಾನದ ನಕಾಶೆ ಬಿಡಿಸಿದರೆ ಇದು ತಿಳಿಯುತ್ತದೆ. ಅದರ ಆರು ತಾಲೂಕುಗಳಲ್ಲಿ ಶಿರಹಟ್ಟಿ, ತೇರದಾಳ, ಶಹಾಪುರ ಮೂರೂ ಅಪ್ಪಟ ಕನ್ನಡ ನೆಲ. ಶಿರಹಟ್ಟಿ ಈಗ ಗದಗ ಜಿಲ್ಲೆಯಲ್ಲಿದೆ, ತೇರದಾಳ ಬಾಗಲಕೋಟೆಯಲ್ಲಿ, ಶಹಾಪುರವಂತೂ ಬೆಳಗಾವಿ ನಗರದೊಳಗೇ ಸೇರಿಹೋಗಿದೆ. ದೊರೆಯ ಪ್ರಜೆಗಳಲ್ಲಿ ಬಹಳ ಮಂದಿ ಕನ್ನಡಿಗರು. ಇವತ್ತಿಗೂ ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನ ಹಳ್ಳಿಗಳಲ್ಲಿ ಕನ್ನಡ ಶಾಲೆಗಳಿವೆ, ಮಿರಜದ ಪೇಟೆಯಲ್ಲಿ ವ್ಯಾಪಾರ ಎರಡೂ ಭಾಷೆಯಲ್ಲಿ ನಡೆಯುತ್ತದೆ. ಗಡಿ ಎಂಬುದು 1956ರ ನಂತರದ ಮಾತು.

ಬಂದ ಮೇಳ ಯಾವುದು? ಹೊನ್ನಾವರದ ಹತ್ತಿರದ ಕರ್ಕಿಯ ಹಾಸ್ಯಗಾರ ಮನೆತನದ ಮೇಳ ಎಂದು ಉತ್ತರ ಕನ್ನಡದ ಯಕ್ಷಗಾನ ವಲಯ ಹೇಳಿಕೊಂಡು ಬಂದಿದೆ, ವಿದ್ವಾಂಸರೂ ಬರೆದಿದ್ದಾರೆ. ಭಾವೆ ತನ್ನ ‘ನಾಟ್ಯಕವಿತಾಸಂಗ್ರಹ’ವನ್ನು 1885ರಲ್ಲಿ ಅಚ್ಚು ಹಾಕಿಸಿದಾಗ, ಕರ್ನಾಟಕದ ಭಾಗವತರ ಆಟ ನೋಡಿಯೇ ಇದೆಲ್ಲ ಶುರುವಾಯಿತು ಎಂದು ಮುನ್ನುಡಿಯಲ್ಲಿ ಒಪ್ಪಿಕೊಂಡಿದ್ದಾನೆ. ಸಾಲ ಮುಚ್ಚಿಡಲಿಲ್ಲ, ಅದು ಅವನ ದೊಡ್ಡತನ. ಆದರೆ ಮರಾಠಿ ರಂಗಭೂಮಿಯ ಚರಿತ್ರೆಯಲ್ಲಿ ಗಟ್ಟಿಯಾಗಿ ಕೂತದ್ದು ಕರ್ನಾಟಕ ಎಂಬ ಪ್ರಾಂತದ ಹೆಸರು ಮಾತ್ರ. ಅಂದು ಪದ ಹೇಳಿದ ಭಾಗವತ, ಮದ್ದಲೆಯವ, ವೇಷಧಾರಿ, ಯಾರೂ ಅದರೊಳಗೆ ಬರಲಿಲ್ಲ.

ಭಾವೆಯ ಆಟವನ್ನು ಬಿಚ್ಚಿ ನೋಡಿದರೆ ಯಕ್ಷಗಾನ ಬಲ್ಲವರಿಗೆ ನೆಂಟಸ್ತಿಕೆ ಕೂಡಲೇ ಹೊಳೆಯುತ್ತದೆ. ಸೂತ್ರಧಾರ ಒಂದು ಬದಿಗೆ ನಿಂತು ಪದ ಹಾಡುತ್ತಾನೆ, ಅವನೇ ಭಾಗವತ. ಮೊದಲಿಗೆ ಗಣಪತಿ, ಆಮೇಲೆ ಸರಸ್ವತಿ ರಂಗಕ್ಕೆ ಬರುತ್ತಾರೆ. ವಿದೂಷಕ ನಡುನಡುವೆ ಬಾಯಿ ಹಾಕಿ ಜನರನ್ನು ನಗಿಸುತ್ತಾನೆ, ನಮ್ಮ ಹಾಸ್ಯಗಾರನ ಕೆಲಸವೇ. ಪದ ಮಾತ್ರ ಬರೆದದ್ದು. ಮಾತು ನಟರು ಅಲ್ಲಲ್ಲೇ ಹುಟ್ಟಿಸಿಕೊಳ್ಳಬೇಕು, ಅರ್ಥಧಾರಿಯಂತೆ. ರಾಕ್ಷಸ ವೇಷದ ಅಬ್ಬರವೂ ಅಲ್ಲಿಗೆ ದಾಟಿತು. ಇಂಗ್ಲಿಷ್ ಕಲಿತ ಮುಂದಿನ ಪೀಳಿಗೆಯವರು ಆ ಕೂಗನ್ನೇ ಹಿಡಿದು ಇವನ್ನು ‘ಅಲಲಡುರ್ರ’ ನಾಟಕಗಳು ಎಂದು ಗೇಲಿ ಮಾಡಿದರು. ನಮ್ಮಲ್ಲೂ ಬಯಲಾಟಕ್ಕೆ ಸುಶಿಕ್ಷಿತರಿಂದ ಸಿಕ್ಕ ಮರ್ಯಾದೆ ಇದಕ್ಕಿಂತ ಹೆಚ್ಚಿನದಲ್ಲ.

1851ರಲ್ಲಿ ಅಪ್ಪಾಸಾಹೇಬರು ತೀರಿಕೊಂಡರು. ಅರಮನೆಯ ಆಸರೆ ತಪ್ಪಿತು. ಭಾವೆ ತಂಡ ಕಟ್ಟಿಕೊಂಡು ಊರೂರು ತಿರುಗಿದ, 1853ರಲ್ಲಿ ಮುಂಬಯಿಗೆ ಹೋಗಿ ಟಿಕೀಟು ಮಾರಿ ಆಟ ಆಡಿದ. ರಾಜನ ಮರ್ಜಿಯ ಕಲೆ ಪೇಟೆಯ ಜನರ ಕಲೆಯಾದದ್ದು ಹೀಗೆ, ಹೊಟ್ಟೆಪಾಡಿನ ಒತ್ತಾಯದಿಂದ. ಸಾಂಗಲಿಕರ ಹೆಸರಿನ ಮಂಡಳಿಗಳು ಧಾರವಾಡ, ಗದಗದ ಕಡೆಗೂ ಬಂದವು. ಕನ್ನಡ ಊರುಗಳಲ್ಲಿ ಮರಾಠಿ ನಾಟಕಕ್ಕೆ ಜನ ಮುಗಿಬೀಳುವುದನ್ನು ಕಂಡು ತಡೆಯಲಾರದೆ ಶಾಲಾ ಮಾಸ್ತರ ಸಕ್ಕರಿ ಬಾಳಾಚಾರ್ಯರು, ಅಂದರೆ ಶಾಂತಕವಿಗಳು, 1870ರ ದಶಕದಲ್ಲಿ ಗದಗಿನಲ್ಲಿ ಕೃತಪುರ ನಾಟಕ ಮಂಡಳಿ ಕಟ್ಟಿ ‘ಉಷಾಹರಣ’ ಆಡಿಸಿದರು. ಕನ್ನಡ ವೃತ್ತಿರಂಗಭೂಮಿಯ ಕಥೆ ಉತ್ತರ ಕರ್ನಾಟಕದಲ್ಲಿ ಶುರುವಾಗುವುದು ಅಲ್ಲಿಂದ. ಕರ್ಕಿಯಿಂದ ಸಾಂಗಲಿಗೆ ಹೋದದ್ದು ಮೂವತ್ತು ವರ್ಷಕ್ಕೆ ವೇಷ ಬದಲಿಸಿ ಗದಗಿಗೆ ಮರಳಿತು. ಇನ್ನೊಂದು ಕಾಕತಾಳೀಯವೂ ಇದೆ. ಮರಾಠಿಗೆ ಸಂಗೀತ ನಾಟಕ ಕೊಟ್ಟ ಅಣ್ಣಾಸಾಹೇಬ ಕಿರ್ಲೋಸ್ಕರ ಹುಟ್ಟಿದ್ದು ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ, ಅದೂ ‘ಸೀತಾ ಸ್ವಯಂವರ’ದ ವರ್ಷವಾದ 1843ರಲ್ಲೇ.

ಭಾವೆ 1901ರಲ್ಲಿ ಕಣ್ಣು ಮುಚ್ಚಿದ. ಊರು ಅವನನ್ನು ಸಂಘಟಿತವಾಗಿ ನೆನೆದದ್ದು ಶತಮಾನೋತ್ಸವದ ಹೊತ್ತಿಗೆ. 1943ರಲ್ಲಿ, ಮಹಾಯುದ್ಧದ ನಡುವೆಯೇ, ಸಾಂಗಲಿಯಲ್ಲಿ ನಾಟ್ಯಶತಾಬ್ದಿ ಸಮ್ಮೇಳನ ನೆರೆಯಿತು. ವಿ. ದಾ. ಸಾವರ್ಕರ್ ಅದರ ಅಧ್ಯಕ್ಷರು. ನವೆಂಬರ್ 5 ರಂಗಭೂಮಿ ದಿನವಾಗಿ ನೆಲೆಗೊಂಡದ್ದು ಅಲ್ಲಿಂದ. ನಾಟ್ಯವಿದ್ಯಾ ಮಂದಿರ ಸಮಿತಿ, ಭಾವೆಯ ಹೆಸರಿನ ನಾಟ್ಯಗೃಹ, ಕೊನೆಗೆ ಪದಕ, ಹೀಗೆ ಒಂದಕ್ಕೊಂದು ಕೂಡಿಕೊಂಡವು. ಊರಿಗೆ ಅಭಿಮಾನಪಡಲು ಭಾವೆ ಒಬ್ಬನೇ ಅಲ್ಲ. ‘ಶಾರದಾ’ ಬರೆದ ಗೋವಿಂದ ಬಲ್ಲಾಳ ದೇವಲರು ಪಕ್ಕದ ಹರಿಪುರದವರು, ‘ಮಾನಾಪಮಾನ’ದ ಕೃಷ್ಣಾಜಿ ಪ್ರಭಾಕರ ಖಾಡಿಲಕರರು ಸಾಂಗಲಿಯಲ್ಲೇ ಹುಟ್ಟಿದವರು, ದೀನಾನಾಥ ಮಂಗೇಶಕರರು ಇಲ್ಲಿ ಮನೆ ಮಾಡಿದ್ದವರು. ನಾಟ್ಯಪಂಢರಿ ಎಂಬ ಬಿರುದು ಸಾಂಗಲಿಗೆ ಸುಮ್ಮನೆ ಬಂದದ್ದಲ್ಲ.

ಪದಕದ ಪರಂಪರೆ 1960ರ ಹೊತ್ತಿಗೆ ಬಾಲಗಂಧರ್ವರಿಂದ ತೊಡಗುತ್ತದೆ. ಅದಕ್ಕಿಂತ ಒಪ್ಪುವ ಆರಂಭ ಇರಲಾರದು, ಏಕೆಂದರೆ ನಾರಾಯಣ ಶ್ರೀಪಾದ ರಾಜಹಂಸ ಎಂಬ ಹುಡುಗ ಬಾಲಗಂಧರ್ವನಾಗಿ ರಂಗ ಹತ್ತಿದ್ದೇ ನೆರೆಯ ಮಿರಜದಲ್ಲಿ. ಕಿವಿ ಮಂದವೆಂದು ಕೊಲ್ಲಾಪುರದ ಶಾಹೂ ಮಹಾರಾಜರು ಅವನನ್ನು ಮಿರಜದ ಮಿಶನ್ ಆಸ್ಪತ್ರೆಗೆ ಕಳಿಸಿದರಂತೆ, ಕಿರ್ಲೋಸ್ಕರ ಮಂಡಳಿಯ ಕಣ್ಣಿಗೆ ಬಿದ್ದದ್ದು ಆ ದಿನಗಳಲ್ಲೇ. 1905ರಲ್ಲಿ ಅಲ್ಲಿನ ಹಂಸಪ್ರಭಾ ನಾಟಕಗೃಹದಲ್ಲಿ ಶಕುಂತಲೆಯಾಗಿ ನಿಂತ ಹುಡುಗ ಮುಂದೆ ಮೂರು ದಶಕ ಮಹಾರಾಷ್ಟ್ರದ ಹೆಂಗಸರ ಸೀರೆ, ಹೆರಳು, ನಡಿಗೆಯನ್ನೇ ತಿದ್ದಿದ. ಪದಕದ ಹೊತ್ತಿಗೆ ಮಾತ್ರ ಕಂಪನಿ ಕರಗಿತ್ತು, ಸಾಲ ಹಣ್ಣು ಮಾಡಿತ್ತು, ಕಾಲು ಸೋತಿದ್ದವು. ಜೊತೆಗಿದ್ದವರು ಬೀಳಗಿಯ ಗೌಹರಬಾಯಿ ಕರ್ನಾಟಕಿ, ಚಿತ್ರಗಾಯಕಿ ಅಮೀರಬಾಯಿಯ ಅಕ್ಕ. ಗಂಡಸರ ಸ್ತ್ರೀಪಾತ್ರದ ಕಾಲ ಮುಗಿದ ಮೇಲೆ ಬಾಲಗಂಧರ್ವರು ಕೈಬಿಟ್ಟ ನಾಯಿಕೆಯ ಪಾತ್ರಗಳನ್ನು ಹೊತ್ತವರು ಅವರೇ. ಕೊನೆಗಾಲದಲ್ಲಿ ಅವರನ್ನು ಆರೈಕೆ ಮಾಡಿದ್ದಕ್ಕೆ ಮರಾಠಿ ರಸಿಕರಿಂದ ಗೌಹರಬಾಯಿಗೆ ಸಿಕ್ಕದ್ದು ಹೆಚ್ಚಾಗಿ ಬೈಗುಳ. ಪದಕಗಳ ಇತಿಹಾಸ ಬರೆಯುವಾಗ ಇಂಥ ಹೆಸರು ಬಿಟ್ಟುಹೋಗಬಾರದು ಎಂದು ನನಗನ್ನಿಸುತ್ತದೆ.

ಆಮೇಲಿನ ಹೆಸರುಗಳು ಮರಾಠಿ ಬಲ್ಲ ನಮ್ಮ ಗಡಿನಾಡಿನ ಮನೆಗಳಿಗೂ ಪರಿಚಿತವೇ. 2015ರಲ್ಲಿ ವಿಕ್ರಮ ಗೋಖಲೆ, 2019ರಲ್ಲಿ ರೋಹಿಣಿ ಹಟ್ಟಂಗಡಿ. 2022ರಲ್ಲಿ ‘ಘಾಶೀರಾಮ ಕೋತವಾಲ’ದ ಪೀಳಿಗೆಯ ನಾಟಕಕಾರ ಸತೀಶ ಆಳೇಕರ, 2023ರಲ್ಲಿ ಒಂದೇ ದಿನ ಹಲವು ಪ್ರಯೋಗ ಮಾಡಿ ದಾಖಲೆ ಬರೆದ ಪ್ರಶಾಂತ ದಾಮಲೆ, 2024ರಲ್ಲಿ ಸುಹಾಸ ಜೋಶಿ. ಪ್ರಾಯೋಗಿಕ ನಾಟಕದ ಆಳೇಕರ ಮತ್ತು ನಗಿಸಿ ಹೌಸ್‌ಫುಲ್ ಮಾಡುವ ದಾಮಲೆ ಒಂದರ ಹಿಂದೊಂದು ವರ್ಷ ಒಂದೇ ವೇದಿಕೆಯಲ್ಲಿ ನಿಂತರು. ನಮ್ಮ ಅಕಾಡೆಮಿಗಳಲ್ಲಿ ಕಂಪನಿ ನಾಟಕದವರು ಒಂದು ಪಂಕ್ತಿ, ಹವ್ಯಾಸಿಗಳು ಇನ್ನೊಂದು ಪಂಕ್ತಿ. ಸಾಂಗಲಿಯವರಿಗೆ ಆ ಮಡಿ ಇಲ್ಲ. ಜನ ನೋಡಿದ್ದಾರೆಯೇ, ನೆನಪಿಟ್ಟುಕೊಂಡಿದ್ದಾರೆಯೇ ಎಂಬುದು ಅಲ್ಲಿ ತೂಕದ ಮಾತು.

ಮಿರಜದ ಗೌರವದ ಬಗೆ ಬೇರೆ. ಅಲ್ಲಿ ಪದಕದ ಬದಲು ಹಾಡು. ಕಿರಾನಾ ಘರಾಣೆಯ ಉಸ್ತಾದ ಅಬ್ದುಲ್ ಕರೀಂ ಖಾನರು ಈ ಊರನ್ನು ತಮ್ಮದು ಮಾಡಿಕೊಂಡಿದ್ದರು. 1937ರಲ್ಲಿ ತಮಿಳುನಾಡಿನ ಸಿಂಗಪೆರುಮಾಳ್ ಕೋಯಿಲ್ ರೈಲು ನಿಲ್ದಾಣದಲ್ಲಿ ಪ್ರಾಣ ಬಿಟ್ಟ ಅವರನ್ನು ತಂದು ಮಣ್ಣು ಮಾಡಿದ್ದು ಮಿರಜದ ಮೀರಾಸಾಹೇಬ ದರ್ಗಾದಲ್ಲಿ. ಉರುಸಿನ ರಾತ್ರಿಗಳಲ್ಲಿ ಅಲ್ಲಿ ಕಲಾವಿದರು ಬಂದು ಹಾಡುತ್ತಾರೆ, ಬಾರಿಸುತ್ತಾರೆ. ಕುಂದಗೋಳದ ಸವಾಯಿ ಗಂಧರ್ವರು ಖಾನರ ಶಿಷ್ಯರು. ಗಂಗೂಬಾಯಿ ಹಾನಗಲ್ಲ, ಭೀಮಸೇನ ಜೋಶಿಯವರ ಗುರುಪರಂಪರೆಯ ಗೋರಿ ಅದು. ಧಾರವಾಡದ ಹಾಡುಗಾರರಿಗೆ ಮಿರಜ ಅಜ್ಜನ ಮನೆ.

ಅದೇ ಮಿರಜದ ಸತಾರಮೇಕರ ಗಲ್ಲಿಯಲ್ಲಿ ತಂಬೂರಿ, ಸಿತಾರ ಮಾಡುವ ಶಿಕಲಗಾರ ಮನೆತನಗಳಿವೆ. ಮೊದಲು ಕತ್ತಿ, ಕಠಾರಿಗೆ ಸಾಣೆ ಹಿಡಿಯುತ್ತಿದ್ದವರು. ಆಯುಧಗಳಿಗೆ ಗಿರಾಕಿ ಇಲ್ಲವಾದ ಮೇಲೆ ಪಂಢರಪುರದ ಕಡೆಯ ಸೋರೆ ಬುರುಡೆಗೆ ಮರ ಜೋಡಿಸಿ ಸ್ವರ ಹಿಡಿಯುವುದನ್ನು ಕಲಿತರು. ಅವರ ತಂಬೂರಿ ಹೋಗದ ಸಭೆ ಇಲ್ಲ, ಆದರೆ ಸಭೆಯ ಮುಂದೆ ಅವರನ್ನು ಕರೆದು ಶಾಲು ಹೊದಿಸಿದ್ದು ಅಪರೂಪ. 2024ರಲ್ಲಿ ಮಿರಜದ ಸಿತಾರ ಮತ್ತು ತಂಬೂರಿಗೆ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು. ಕಸುಬಿಗೆ ಬಂದ ಗೌರವ ಅದು, ಊರಿನ ಹೆಸರಿನಲ್ಲಿ. ನಕಲಿ ಮಾಲು ಮಾರುವವರನ್ನು ತಡೆಯಲು ಅಷ್ಟಾದರೂ ಒದಗೀತು.

ಸಾಂಗಲಿಯ ಸಮಿತಿ ಮಾಡಿದ್ದು ದೊಡ್ಡ ತತ್ವದ ಕೆಲಸವೇನಲ್ಲ. ಒಂದು ತಾರೀಖು ಹಿಡಿಯಿತು, ಒಂದು ಹೆಸರು ಹಿಡಿಯಿತು, ಸರ್ಕಾರ ಬದಲಾದರೂ ಎರಡನ್ನೂ ಬಿಡಲಿಲ್ಲ. ಶಾಂತಕವಿಗಳ ಹೆಸರಿನಲ್ಲಿ ಗದಗಿನವರು, ಹಾಸ್ಯಗಾರರ ಹೆಸರಿನಲ್ಲಿ ಹೊನ್ನಾವರದವರು ಹಾಗೆ ಮಾಡಲು ಬೆಂಗಳೂರಿನ ಅಪ್ಪಣೆ ಬೇಕಿಲ್ಲ. 2043ಕ್ಕೆ ‘ಸೀತಾ ಸ್ವಯಂವರ’ಕ್ಕೆ ಇನ್ನೂರು ವರ್ಷ ತುಂಬುತ್ತದೆ, ಸಾಂಗಲಿ ಅದನ್ನು ಅದ್ದೂರಿಯಾಗಿಯೇ ಮಾಡುತ್ತದೆ. ಅದಕ್ಕೆ ಒಂದು ವರ್ಷ ಮೊದಲು, 2042ರಲ್ಲಿ, ಭಾಗವತ ಮೇಳ ಆ ಊರಿಗೆ ಕಾಲಿಟ್ಟದ್ದಕ್ಕೂ ಇನ್ನೂರು ತುಂಬುತ್ತದೆ. ಕರ್ಕಿಯ ಕಡೆಯ ಒಂದು ಮೇಳವನ್ನು ಆ ವರ್ಷ ಭಾವೆ ನಾಟ್ಯಗೃಹಕ್ಕೆ ಕರೆಸಿ ರಾಮಾಯಣದ ಪ್ರಸಂಗ ಆಡಿಸುವ ಮಾತನ್ನು ಸಮಿತಿಯ ಮುಂದೆ ಇಡಬೇಕಾದವರು ಗಡಿಯ ಎರಡೂ ಬದಿಯ ಕನ್ನಡ ಸಂಘದವರು, ಅದೂ ಈಗಿನಿಂದಲೇ.