ಗೋಲಿಗೆ ಗೋಲಿ ತಾಗಿದಾಗ

ಗೋಲಿಗೆ ಗೋಲಿ ತಾಗಿದರೆ ಯಾವುದು ಎತ್ತ ಹೋಗುವುದೆಂದು ಬೀದಿಯ ಹುಡುಗನೂ ಬಲ್ಲ. ಅದನ್ನು ನಿಯಮವಾಗಿ ಹೇಳುವುದಕ್ಕೆ ಮಾತ್ರ ಯೂರೋಪಿನ ಘನಪಂಡಿತರು ತಿಣುಕಬೇಕಾಯಿತು.

ಫ್ರಾನ್ಸಿನ ಡೆಕಾರ್ಟ್ 1644ರಲ್ಲಿ ಡಿಕ್ಕಿಗೆ ಏಳು ನಿಯಮಗಳನ್ನು ವಿಧಿಸಿದನು. ನಿಂತಿರುವ ದೊಡ್ಡ ವಸ್ತುವನ್ನು ಚಿಕ್ಕದೊಂದು ಎಷ್ಟೇ ವೇಗದಿಂದ ಹೊಡೆದರೂ ಅದು ಕದಲದೆಂಬುದು ಅವುಗಳಲ್ಲೊಂದು! ಚಲನೆಯ ಮೊತ್ತ ಕಟ್ಟುವಾಗ ಆತ ದಿಕ್ಕನ್ನೇ ಬಿಟ್ಟಿದ್ದನು. ಮೂಡಲಿಗೆ ಹೋಗುವುದೂ ಪಡುವಲಿಗೆ ಹೋಗುವುದೂ ಅವನ ಲೆಕ್ಕದಲ್ಲಿ ಒಂದೇ.

1668ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಈ ಪ್ರಶ್ನೆಯನ್ನು ವಿದ್ವಾಂಸರ ಮುಂದಿಟ್ಟಿತು. ವಾಲಿಸ್, ರೆನ್, ಹಾಲೆಂಡಿನ ಹೈಗೆನ್ಸ್ ಉತ್ತರವಿತ್ತರು. ತೂಕವನ್ನು ವೇಗದಿಂದ ಗುಣಿಸಿ ದಿಕ್ಕನ್ನೂ ಸೇರಿಸಿಕೊಂಡರೆ ಬರುವ ಮೊತ್ತ ಡಿಕ್ಕಿಯ ಮುಂಚೆಯೂ ಆಮೇಲೆಯೂ ಒಂದೇ. ಚೆನ್ನಾಗಿ ಪುಟಿಯುವ ಗೋಲಗಳಲ್ಲಿ ವೇಗದ ವರ್ಗದಿಂದ ಗುಣಿಸಿದ ಮೊತ್ತವೂ ಹಾಗೆಯೇ ಎಂದು ಹೈಗೆನ್ಸ್ ಕಂಡನು.

ಆತ ವಿಚಾರಿಸಿದ್ದು ನೇರ ಡಿಕ್ಕಿಯನ್ನು. ಓರೆಯ ಡಿಕ್ಕಿಯಲ್ಲಿ ಈ ನಿಯಮಗಳ ಸೊಗಸು ಇನ್ನೂ ಹೆಚ್ಚು. ಸಮತೂಕದ ಎರಡು ಗೋಲಗಳಲ್ಲಿ ಒಂದು ನಿಂತಿರಲಿ. ಮೊದಲ ನಿಯಮದಂತೆ ಹಿಂದಿನ ಒಂದು, ಮುಂದಿನ ಎರಡು, ಒಟ್ಟು ಮೂರು ವೇಗಗಳು ತ್ರಿಕೋನದ ಬಾಹುಗಳಾಗುತ್ತವೆ. ಎರಡನೆಯದರಂತೆ ಮೊದಲ ವೇಗದ ವರ್ಗವು ಉಳಿದೆರಡರ ವರ್ಗಗಳ ಮೊತ್ತ. ಇದು ಶಾಲೆಯಲ್ಲಿ ಕಲಿತ ಪೈಥಾಗೊರಸನ ಪ್ರಮೇಯವಲ್ಲದೆ ಮತ್ತೇನು? ಉರುಳಾಟದ ಗೊಡವೆ ಬಿಟ್ಟರೆ, ಗೋಲಗಳು ಲಂಬಕೋನದಲ್ಲಿಯೇ ಅಗಲಬೇಕು. (ಕೇರಂ ಹಲಗೆಯಲ್ಲಿ ಪರೀಕ್ಷಿಸ ಹೊರಟವರು ನಿರಾಶರಾಗಬಾರದು, ಸ್ಟ್ರೈಕರು ಕಾಯಿಗಿಂತ ಭಾರ, ಅಲ್ಲಿ ಕೋನ ಕಿರಿದು.)

ಇದೇ ಲೆಕ್ಕ ಅಣುಲೋಕದಲ್ಲೂ ನಡೆದೀತೆ? ಎಕ್ಸ್‌ಕಿರಣ ಎಲೆಕ್ಟ್ರಾನಿಗೆ ತಾಗಿ ಚದರುವುದನ್ನು ಅಮೆರಿಕದ ಕಾಂಪ್ಟನ್ನರು 1923ರಲ್ಲಿ ಎರಡು ಕಣಗಳ ಡಿಕ್ಕಿಯೆಂದೇ ವಿವರಿಸಿದರು. ಮರುವರ್ಷ ಬೋರ್, ಕ್ರಾಮರ್ಸ್, ಸ್ಲೇಟರ್ ಮೂವರೂ ಬೇರೆ ಮಾತೆತ್ತಿದರು: ಶಕ್ತಿಯ ಲೆಕ್ಕ ಸರಾಸರಿಯಲ್ಲಿ ಮಾತ್ರ ಸರಿಹೋಗುತ್ತದೆ, ಒಂದೊಂದು ಡಿಕ್ಕಿಯಲ್ಲೂ ಸರಿಹೋಗಬೇಕಿಲ್ಲ. ಎರಡೂವರೆ ಶತಮಾನದ ಗಳಿಕೆಗೇ ಸಂಚಕಾರ!

ತೀರ್ಪು ಕೊಟ್ಟದ್ದು ಮತ್ತೆ ಕೋನವೇ. 1925ರಲ್ಲಿ ಕಾಂಪ್ಟನ್ನರೂ ಸೈಮನ್ನರೂ ಮೇಘಕೋಷ್ಠದಲ್ಲಿ, ಎಲೆಕ್ಟ್ರಾನು ಹಾದ ದಾರಿಯಲ್ಲಿ ಮೂಡುವ ಮಂಜಿನ ಗೆರೆಗಳ ಚಿತ್ರ ತೆಗೆದರು. ಎಲೆಕ್ಟ್ರಾನು ಹಾರಿದ ದಿಕ್ಕು ತಿಳಿದರೆ ಕಿರಣ ಎತ್ತ ಹೋಗಿರಬೇಕೆಂದು ಗುಣಿಸಬಹುದು. ಕಿರಣವೇನೋ ಕಣ್ಣಿಗೆ ಬೀಳದು; ಆದರೆ ಮುಂದೆಲ್ಲೋ ಅದು ಮತ್ತೊಂದು ಎಲೆಕ್ಟ್ರಾನನ್ನು ಎಬ್ಬಿಸಿದರೆ ಆ ಹೊಸ ಗೆರೆ ಹುಟ್ಟಿದ ಜಾಗವೇ ಸಾಕ್ಷಿ. ಅಂಥ ಗೆರೆಗಳು ಲೆಕ್ಕ ಹೇಳಿದ ದಿಕ್ಕಿನ ಆಸುಪಾಸಿನಲ್ಲೇ ಗುಂಪುಗೂಡಿದ್ದುವು. ಬರ್ಲಿನ್ನಿನಲ್ಲಿ ಬೋಥೆ ಮತ್ತು ಗೈಗರ್, ಕಿರಣವೂ ಎಲೆಕ್ಟ್ರಾನೂ ಒಟ್ಟಿಗೇ ಹೊರಡುತ್ತವೆಂದು ಬೇರೊಂದು ಉಪಾಯದಿಂದ ತೋರಿಸಿದರು. ತಮ್ಮ ಕ್ರಾಂತಿಗೆ ಗೌರವದ ಶವಸಂಸ್ಕಾರ ಮಾಡುವುದಷ್ಟೇ ಉಳಿದಿದೆಯೆಂದು ಬೋರರು ಆ ವಸಂತದಲ್ಲಿ ಕಾಗದ ಬರೆದರು.