ಲೆಕ್ಕಪುಸ್ತಕದಲ್ಲಿ ಕಾಣದ ಸಂಜೆಗಳು: ಸಕಲೇಶಪುರ, ಆಲೂರು ಗುಡ್ಡಗಳ ಸಂಘಗಳ ಕಥೆ

ಸಕಲೇಶಪುರ ಅಂದ ತಕ್ಷಣ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗೋದು ಹೋಂಸ್ಟೇ, ಮಂಜು, ಆಮೇಲೆ ಡ್ರೋನ್‌ನಲ್ಲಿ ತೆಗೆದ ಮಂಜರಾಬಾದ್ ಕೋಟೆಯ ರೀಲ್. ಟಿಪ್ಪು ಸುಲ್ತಾನ್ ಕಾಲದ ಆ ಕೋಟೆಗೆ ಎಂಟು ಮೂಲೆಯ ನಕ್ಷತ್ರದ ಆಕಾರ ಇದೆ. ಅದು ನಮ್ಮ ಪರಂಪರೆ ಅಂತ ಯಾರೂ ಸಾಬೀತು ಮಾಡಬೇಕಾಗಿಲ್ಲ, ಕಲ್ಲು ಕಣ್ಣೆದುರೇ ನಿಂತಿದೆ. ಆದ್ರೆ ಇದೇ ಗುಡ್ಡಗಳಲ್ಲಿ ಇನ್ನೊಂದು ಪರಂಪರೆ ಇದೆ. ತೋಟದ ಕೆಲಸ ಮುಗಿಸಿದ ಜನ ಸಂಜೆ ಒಂದು ಕಡೆ ಸೇರಿ ಕುಣಿದದ್ದು, ಹಾಡಿದ್ದು, ನಾಟಕ ಕಟ್ಟಿದ್ದು. ಅದನ್ನ ಉಳಿಸಿಕೊಂಡು ಬಂದವರು ಯಾರು? ದುಡ್ಡು ಎಲ್ಲಿಂದ ಬಂತು? ನಾನು ಬಿಕಾಂ ಓದಿದವನು, ಹಾಗಾಗಿ ಇವತ್ತು ಈ ಚರಿತ್ರೆಯನ್ನ ಸ್ವಲ್ಪ ಲೆಕ್ಕದ ಕಣ್ಣಲ್ಲೇ ನೋಡ್ತೀನಿ.

ಮೊದಲು ಸುಗ್ಗಿ. ಮಲೆನಾಡಿನ ಈ ಊರುಗಳಲ್ಲಿ ಕೊಯ್ಲಿನ ಕೆಲಸಗಳೆಲ್ಲ ಮುಗಿದ ಮೇಲೆ ಸುಗ್ಗಿ ಹಬ್ಬ, ಸುಗ್ಗಿ ಕುಣಿತ ನಡೆಯುತ್ತೆ. ಊರಿನ ದೇವರು, ಊರಿನ ಬಯಲು, ಊರಿನದ್ದೇ ಖರ್ಚು. ಇದಕ್ಕೆ ರಿಜಿಸ್ಟ್ರೇಷನ್ ಇಲ್ಲ, ಅಧ್ಯಕ್ಷರು ಕಾರ್ಯದರ್ಶಿಗಳೂ ಇಲ್ಲ. ಆದ್ರೆ ಒಂದು ಮಾತು ಮರೆಯಬಾರದು. ಇಂಥ ಆಚರಣೆಗಳಲ್ಲಿ ಯಾರು ಏನು ಮಾಡಬೇಕು ಅನ್ನೋದನ್ನ ಬಹುಮಟ್ಟಿಗೆ ಮನೆತನ ಮತ್ತು ಜಾತಿಯೇ ಹೇಳ್ತಾ ಬಂದಿವೆ. ನಿಮಗೆ ಯಾವುದು ಇಷ್ಟ, ಯಾವುದು ಚೆನ್ನಾಗಿ ಬರುತ್ತೆ ಅಂತ ಅಲ್ಲಿ ಕೇಳೋರಿರಲಿಲ್ಲ.

19ನೇ ಶತಮಾನದ ಮಧ್ಯದಲ್ಲಿ ಇಲ್ಲಿಗೆ ಯುರೋಪಿಯನ್ ಪ್ಲಾಂಟರ್‌ಗಳು ಬಂದ್ರು. ಮಂಜರಾಬಾದ್ ಸೀಮೆಯಲ್ಲಿ ಕಾಫಿ ಬೆಳೆದ ರಾಬರ್ಟ್ ಎಲಿಯಟ್ ಅನ್ನೋ ಪ್ಲಾಂಟರ್ ತನ್ನ ಅನುಭವಗಳ ಬಗ್ಗೆ 1871ರಲ್ಲೊಂದು, 1894ರಲ್ಲೊಂದು ಪುಸ್ತಕ ಬರೆದ. ಕಾಫಿ ಜೊತೆಗೆ ಹೊಸ ಜನವೂ ಬಂದ್ರು. ಬೇರೆ ಬೇರೆ ಊರಿನಿಂದ ಬಂದವರು ಕೂಲಿ ಲೈನ್‌ಗಳಲ್ಲಿ ಅಕ್ಕಪಕ್ಕ ಬದುಕೋಕೆ ಶುರು ಮಾಡಿದ್ರು. ಊರಿನ ಸುಗ್ಗಿಯಲ್ಲಿ ಇವರಿಗೆ ಪಾತ್ರ ಇರಲಿಲ್ಲ. ಹಾಗಾದ್ರೆ ಇವರ ಸಂಜೆ ಏನಾಗಬೇಕು?

ತಮಾಷೆ ಅಂದ್ರೆ, ಈ ಪ್ರಶ್ನೆ ಕಾನೂನಿಗೂ ಹೊಳೆದಿತ್ತು. 1951ರ ತೋಟ ಕಾರ್ಮಿಕರ ಕಾಯ್ದೆ ತೆಗೆದು ನೋಡಿ. ಕುಡಿಯುವ ನೀರು, ಮನೆ, ಶಿಶುವಿಹಾರದ ಜೊತೆಗೆ ಒಂದು ಸೆಕ್ಷನ್ ಕಾರ್ಮಿಕರ ಮನರಂಜನೆ ಬಗ್ಗೆಯೇ ಇತ್ತು. ಮಾಲೀಕರು ಅದಕ್ಕೆ ಸೌಲಭ್ಯ ಕೊಡಬೇಕು ಅಂತ ರಾಜ್ಯ ಸರ್ಕಾರ ನಿಯಮ ಮಾಡಬಹುದಿತ್ತು. ಆದ್ರೆ ಸೌಲಭ್ಯ ಬೇರೆ, ಕಲೆ ಬೇರೆ. ಒಂದು ಕೇರಂ ಬೋರ್ಡ್ ಇಟ್ಟರೂ ನಿಯಮ ಪಾಲಿಸಿದ ಹಾಗೇ. ನಾಟಕ ಕಟ್ಟೋಕೆ ಜನರೇ ಸೇರಬೇಕು.

ಅಲ್ಲಿಗೆ ಬಂತು ಸಂಘ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ ಪ್ರಕಾರ ಕನಿಷ್ಠ 7 ಜನ ಸೇರಿದ್ರೆ ಒಂದು ಸಂಘ ಮಾಡಬಹುದು. ವರ್ಷಕ್ಕೊಮ್ಮೆ ಸಭೆ ನಡೆಸಬೇಕು, ಲೆಕ್ಕ ಕೊಡಬೇಕು, ಉಳಿದ ದುಡ್ಡನ್ನ ಸದಸ್ಯರು ಹಂಚಿಕೊಳ್ಳೋ ಹಾಗಿಲ್ಲ. ಕೇಳೋಕೆ ಬೋರಿಂಗ್ ಅನ್ಸುತ್ತೆ, ಆದ್ರೆ ಸುಗ್ಗಿಗೆ ಹೋಲಿಸಿ ನೋಡಿ. ಇಲ್ಲಿ ಸದಸ್ಯತ್ವಕ್ಕೆ ಮನೆತನ ಬೇಡ, ಅರ್ಜಿ ಸಾಕು. ಲೆಕ್ಕ ಕೇಳೋ ಹಕ್ಕು ಪ್ರತಿ ಸದಸ್ಯನಿಗೂ ಇದೆ.

ಸಂಘ ಅನ್ನೋ ಈ ರೂಪ ಎಷ್ಟು ದೂರ ಹೋಗಬಹುದು ಅನ್ನೋದನ್ನ ತೋರಿಸಿದ್ದು ಮಲೆನಾಡಿನದ್ದೇ ಇನ್ನೊಂದು ಹಳ್ಳಿ, ಸಾಗರ ತಾಲ್ಲೂಕಿನ ಹೆಗ್ಗೋಡು. ಅಲ್ಲಿ 1949ರಲ್ಲಿ ಶುರುವಾದ ನೀಲಕಂಠೇಶ್ವರ ನಾಟ್ಯಸೇವಾ ಸಂಘವನ್ನೇ ನಾವು ನೀನಾಸಂ ಅಂತ ಕರೆಯೋದು. 1980ರಲ್ಲಿ ಅದರ ರಂಗಶಿಕ್ಷಣ ಕೇಂದ್ರ, 1985ರಲ್ಲಿ ತಿರುಗಾಟ, 1991ರಲ್ಲಿ ಕೆ.ವಿ. ಸುಬ್ಬಣ್ಣ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ. ಈ ನಡುವೆ 1975ರಲ್ಲಿ ಹುಟ್ಟಿದ ಸಮುದಾಯ ತಂಡ ಬೀದಿನಾಟಕಗಳನ್ನ ಹಿಡ್ಕೊಂಡು ರಾಜ್ಯ ಸುತ್ತಿತು. ನಾಟಕ ಅಂದ್ರೆ ಪೇಟೆಯ ಕಂಪನಿಗಳ ಸ್ವತ್ತು ಅನ್ನೋ ಭಾವನೆ ಮುರಿದದ್ದು ಈ ಕಾಲದಲ್ಲೇ.

ಸಕಲೇಶಪುರದ ಹತ್ತಿರ ಈ ಮಾತಿಗೆ ಒಳ್ಳೆ ಉದಾಹರಣೆ ಬೆಳ್ಳೇಕೆರೆ. ಕೃಷಿಕ, ನಾಟಕಕಾರ ಪ್ರಸಾದ್ ರಕ್ಷಿದಿ ಮತ್ತು ಅವರ ಊರಿನವರು ಸೇರಿ ಅಲ್ಲಿ ದಶಕಗಳ ಕಾಲ ರಂಗಭೂಮಿ ಕಟ್ಟಿದ್ದಾರೆ. ಆ ಕಥೆಯನ್ನ ರಕ್ಷಿದಿ ಅವರೇ ‘ಬೆಳ್ಳೇಕೆರೆಯ ಹಳ್ಳಿ ಥೇಟರ್’ ಅನ್ನೋ ಪುಸ್ತಕವಾಗಿ ಬರೆದಿದ್ದಾರೆ. ಅಲ್ಲಿನ ನಟರು ಯಾರು ಗೊತ್ತಾ? ಕಾಫಿ ತೋಟದ ಕೂಲಿಯವರು, ಸಣ್ಣ ರೈತರು. ಹಗಲು ಚಿಗುರು ತೆಗೆದು, ಹಣ್ಣು ಕಿತ್ತು, ರಾತ್ರಿ ಮಾತು ಕಲಿಯೋದು. ಲೈನ್ ಮನೆಯವರೂ ಊರಿನವರೂ ಒಂದೇ ರಂಗದ ಮೇಲೆ ನಿಲ್ಲೋದು. ಹಗಲು ಇನ್ನೊಬ್ಬರ ಮಾತು ಕೇಳಿ ಕೆಲಸ ಮಾಡೋ ಮನುಷ್ಯ ರಾತ್ರಿ ಮಾತಾಡ್ತಾನೆ, ಊರು ಕೂತು ಕೇಳುತ್ತೆ. ಸಮುದಾಯದ ಒಳಿತು ಅಂತ ಪ್ರಾಜೆಕ್ಟ್ ರಿಪೋರ್ಟ್‌ಗಳಲ್ಲಿ ಬರೀತಾರಲ್ಲ, ನನ್ನ ಪ್ರಕಾರ ಅದು ಇದೇ.

ಈಗ ಲೆಕ್ಕಕ್ಕೆ ಬರೋಣ. ಒಂದು ಊಹೆ ಮಾಡಿ: 20 ಜನ, 40 ಸಂಜೆ, ದಿನಕ್ಕೆ 2 ಗಂಟೆ ರಿಹರ್ಸಲ್. ಒಟ್ಟು 1,600 ಗಂಟೆ. ದಿನಕ್ಕೆ 8 ಗಂಟೆ ಅಂತ ಇಟ್ಟುಕೊಂಡ್ರೆ 200 ಆಳಿನ ಕೆಲಸ. ಒಂದು ಆಳಿಗೆ 400 ರೂಪಾಯಿ ಹಿಡಿದ್ರೂ 80,000 ರೂಪಾಯಿ. ಆದ್ರೆ ಸಂಘದ ಲೆಕ್ಕಪುಸ್ತಕದಲ್ಲಿ ಏನಿರುತ್ತೆ? ಶಾಮಿಯಾನ, ಮೈಕ್, ಬಣ್ಣ, ಟೀ. ಸಂಘದ ನಿಜವಾದ ಬಂಡವಾಳಕ್ಕೆ ಅಲ್ಲಿ ಕಾಲಂ ಇಲ್ಲ.

ಇದು ಬರೀ ಅಕೌಂಟಿಂಗ್ ಜೋಕ್ ಅಲ್ಲ. 2013ರ ಕಂಪನಿ ಕಾಯ್ದೆ ಬಂದ ಮೇಲೆ ದೊಡ್ಡ ಕಂಪನಿಗಳು ಹಿಂದಿನ 3 ವರ್ಷದ ಸರಾಸರಿ ನಿವ್ವಳ ಲಾಭದಲ್ಲಿ ಶೇ. 2ರಷ್ಟನ್ನ ಸಾಮಾಜಿಕ ಕೆಲಸಕ್ಕೆ ಖರ್ಚು ಮಾಡಬೇಕು. ಆ ಕೆಲಸಗಳ ಪಟ್ಟಿಯಲ್ಲಿ ಕಲೆ, ಸಂಸ್ಕೃತಿ, ಪರಂಪರೆ ಇವೆ. ಆದ್ರೆ ಕಂಪನಿಯಿಂದ ಹೊರಗಿನ ಒಂದು ಸಂಘ ಈ ದುಡ್ಡು ಪಡೆದು ಕೆಲಸ ಮಾಡಬೇಕಾದ್ರೆ 12ಎ ನೋಂದಣಿ ಬೇಕು, 80ಜಿ ಬೇಕು, 3 ವರ್ಷದ ಕೆಲಸದ ದಾಖಲೆ ಬೇಕು, 2021ರಿಂದ ಸಿಎಸ್‌ಆರ್-1 ಅನ್ನೋ ಫಾರ್ಮ್ ಕೂಡ ಬೇಕು. ಮೋಸ ತಡೆಯೋಕೆ ನಿಯಮ ಇರಲೇಬೇಕು, ಅದರಲ್ಲಿ ತಕರಾರಿಲ್ಲ. ಆದ್ರೆ ಚಾರ್ಟರ್ಡ್ ಅಕೌಂಟೆಂಟ್ ಫೀಸ್ ಕೊಡೋಕೆ ಆಗುವ ಸಂಸ್ಥೆಗೆ ದಾರಿ ಸಲೀಸು. ಹಗಲು ಕೂಲಿ, ರಾತ್ರಿ ನಾಟಕ ಮಾಡೋರ ಸಂಘಕ್ಕೆ ಅದೇ ದಾರಿ ಘಾಟಿ ರಸ್ತೆ.

ಇನ್ನು ದುಡ್ಡು ಬಂದ್ರೂ ಸಂಜೆ ಸಿಗಬೇಕಲ್ಲ? ಸಕಲೇಶಪುರ, ಆಲೂರು ಭಾಗದಲ್ಲಿ ಕತ್ತಲಾದ ಮೇಲೆ ನಡೆದು ಹೋಗೋದಂದ್ರೆ ಆನೆ ಭಯ. 2014ರ ಹೊತ್ತಿಗೆ ಆಲೂರು ಭಾಗದಿಂದ 22 ಆನೆಗಳನ್ನ ಹಿಡಿದು ಸಾಗಿಸಿದ್ರು, ಆದರೂ ಸಂಘರ್ಷ ನಿಲ್ಲಲಿಲ್ಲ. ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಅನ್ನೋ ಲಾಭರಹಿತ ಸಂಸ್ಥೆ ಅರಣ್ಯ ಇಲಾಖೆ ಜೊತೆ ಸೇರಿ, ಆನೆ ಎಲ್ಲಿದೆ ಅಂತ ಜನರ ಮೊಬೈಲ್‌ಗೆ ಮೊದಲೇ ತಿಳಿಸೋ ವ್ಯವಸ್ಥೆಯನ್ನ ಹಾಸನ ಜಿಲ್ಲೆಗೆ ತಂದಿದೆ. ಇದು ವನ್ಯಜೀವಿ ಕೆಲಸ ಅಂತ ಲೆಕ್ಕಕ್ಕೆ ಬರುತ್ತೆ. ಆದ್ರೆ ರಿಹರ್ಸಲ್ ಮುಗಿಸಿ ತೋಟದ ದಾರಿಯಲ್ಲಿ ಮನೆಗೆ ನಡೆಯೋ ಹೆಣ್ಣುಮಗಳಿಗೆ ಆ ಮೆಸೇಜ್ ಕಲೆಗೆ ಸಿಕ್ಕ ಬೆಂಬಲವೂ ಹೌದು.

ಜೊತೆಗೆ ಊರಿನ ಹುಡುಗರು ಬೆಂಗಳೂರಿಗೆ ಹೋಗ್ತಿದ್ದಾರೆ, ತೋಟಗಳಿಗೆ ಅಸ್ಸಾಂನಂಥ ದೂರದ ರಾಜ್ಯಗಳಿಂದ ಕೆಲಸಗಾರರು ಬರ್ತಿದ್ದಾರೆ. 150 ವರ್ಷದ ಹಿಂದಿನ ಪ್ರಶ್ನೆಯೇ ಮತ್ತೆ ಬಂದಿದೆ: ಹೊಸದಾಗಿ ಬಂದವರಿಗೆ ನಮ್ಮ ಬಯಲಿನಲ್ಲಿ ಪಾತ್ರ ಇದೆಯಾ?

ಹಾಗಾಗಿ ಒಂದು ಕೇಳ್ಕೊಳ್ತೀನಿ. ನೀವು ಬಿಕಾಂ, ಎಂಕಾಂ, ಸಿಎ ಓದ್ತಿದ್ರೆ, ಮುಂದಿನ ಸಲ ಊರಿಗೆ ಹೋದಾಗ ಅಲ್ಲಿನ ಸಂಘದ ಬಾಗಿಲು ತಟ್ಟಿ. ಆಡಿಟ್ ಬಾಕಿ ಇದೆಯಾ, ನವೀಕರಣ ಆಗಿದೆಯಾ ಅಂತ ಕೇಳಿ. ಬಣ್ಣ ಹಚ್ಚೋಕೆ ಬರದಿದ್ರೂ ಪರವಾಗಿಲ್ಲ, ಎರಡು ಸಂಜೆ ಕೂತು ಫಾರ್ಮ್ ತುಂಬಿಸಿ ಕೊಡಿ. ಹಾಗೇ ಆ ವರ್ಷ ಯಾರು ಎಷ್ಟು ಸಂಜೆ ಕೊಟ್ಟರು ಅಂತ ಕೊನೆಯ ಪುಟದಲ್ಲಿ ಬರೆದಿಡಿ. ಯಾವ ಕಾನೂನೂ ಅದನ್ನ ಕೇಳಲ್ಲ. ಆದ್ರೆ ಮುಂದೆ ಈ ಗುಡ್ಡಗಳ ಚರಿತ್ರೆ ಬರೆಯೋರಿಗೆ ಕೋಟೆಯಷ್ಟೇ ಗಟ್ಟಿ ಸಾಕ್ಷಿ ಆ ಪುಟ.

ನಿಮ್ಮೂರಲ್ಲೂ ಇಂಥ ಸಂಘ ಇದ್ರೆ ವಾಯ್ಸ್ ನೋಟ್ ಕಳಿಸಿ. ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.